ಕಾಣದ ಕೊಳವೆಯ ಅಳತೆ

ನೇಕಾರನೊಬ್ಬನ ಕೈಯಲ್ಲಿರುವ ಹತ್ತಿಯ ನೂಲು ಎಷ್ಟು ದಪ್ಪವೆಂದು ಕೇಳಿದರೆ ಆತನು ಅಳತೆಗೋಲನ್ನು ಹುಡುಕುವುದಿಲ್ಲ. ‘ಇದು 60ನೆಯ ನಂಬರಿನ ನೂಲು’ ಎಂದೋ ‘80ನೆಯ ನಂಬರಿನದು’ ಎಂದೋ ಉತ್ತರ ಕೊಡುತ್ತಾನೆ. ಈ ನಂಬರು ನೂಲಿನ ಅಡ್ಡಳತೆಯಲ್ಲ. 840 ಗಜ ಉದ್ದದ ಲಡಿಗಳು ಎಷ್ಟು ಸೇರಿದರೆ ಒಂದು ಪೌಂಡು ತೂಗುವುವು ಎಂಬ ಲೆಕ್ಕ. ನೂಲು ತೆಳುವಾದಷ್ಟೂ ಹೆಚ್ಚು ಲಡಿಗಳು ಬೇಕಾಗುವುದರಿಂದ ನಂಬರು ಏರುತ್ತದೆ. ಕಣ್ಣಿಗೆ ಸರಿಯಾಗಿ ನಿಲುಕದ ದಪ್ಪವನ್ನು, ನಿಲುಕುವ ಉದ್ದದಿಂದಲೂ ತೂಕದಿಂದಲೂ ತಿಳಿದುಕೊಳ್ಳುವ ಜಾಣತನವಿದು.

ನೂಲಿಗಿಂತ ಸಾವಿರಾರು ಪಾಲು ತೆಳುವಾದ ಕೊಳವೆಗಳು ನಮ್ಮ ದೇಹದ ಬಹುತೇಕ ಜೀವಕೋಶಗಳಲ್ಲಿ ಇವೆ. ಅವುಗಳ ಗೋಡೆ ಮೇದಸ್ಸಿನ ಜಾತಿಗೆ ಸೇರಿದ ಲಿಪಿಡ್ ಎಂಬ ಅಣುಗಳಿಂದಾದ ಪೊರೆ. ಬೆಳಕಿನ ಯಾವ ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಇವುಗಳ ಅಗಲ ಕಾಣದು. ಆದರೂ ಅದೇ ಸೂಕ್ಷ್ಮದರ್ಶಕವನ್ನು ಮುಂದಿಟ್ಟುಕೊಂಡು ವಿಜ್ಞಾನಿಗಳು ಅವುಗಳ ತ್ರಿಜ್ಯವನ್ನೂ, ಗೋಡೆಯ ಬಿಗಿತವನ್ನೂ, ಪೆಡಸುತನವನ್ನೂ ಅಳೆದಿದ್ದಾರೆ. ಕಾಣದುದನ್ನು ಅಳೆದದ್ದು ಹೇಗೆ? ಅಳೆದದ್ದು ಸರಿಯೆಂದು ನಂಬುವುದು ಹೇಗೆ? ಈ ಎರಡು ಪ್ರಶ್ನೆಗಳನ್ನು ಇಲ್ಲಿ ವಿಚಾರಮಾಡೋಣ.

ಎರಡು ಪದರದ ಪೊರೆ

ಮೊದಲು ಪೊರೆಯ ಸ್ವರೂಪವನ್ನು ತಿಳಿಯಬೇಕು. ಲಿಪಿಡ್ ಅಣುವಿಗೆ ಒಂದು ತಲೆ, ಎರಡು ಬಾಲಗಳಿವೆಯೆಂದು ಭಾವಿಸಬಹುದು. ತಲೆಗೆ ನೀರೆಂದರೆ ಒಲವು. ಎಣ್ಣೆಯಂತಿರುವ ಬಾಲಗಳಿಗೆ ನೀರು ಒಗ್ಗದು. ಇಂಥ ಅಣುಗಳನ್ನು ನೀರಿನಲ್ಲಿ ಬಿಟ್ಟರೆ ಅವು ತಾವಾಗಿಯೇ ಎರಡು ಸಾಲಾಗಿ ನಿಲ್ಲುತ್ತವೆ. ಎರಡು ಸಾಲಿನ ಬಾಲಗಳೂ ಒಳಮುಖವಾಗಿ ಒಂದನ್ನೊಂದು ಸೇರಿಕೊಳ್ಳುತ್ತವೆ. ತಲೆಗಳು ಎರಡು ಕಡೆಯ ನೀರಿಗೂ ಮುಖಮಾಡಿರುತ್ತವೆ. ಹೀಗಾದ ಇಮ್ಮಡಿ ಪೊರೆಯ ದಪ್ಪ ಸುಮಾರು 4ರಿಂದ 5 ನ್ಯಾನೋಮೀಟರ್. ಒಂದು ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು ನ್ಯಾನೋಮೀಟರ್. ನಮ್ಮ ತಲೆಗೂದಲೊಂದರ ದಪ್ಪ ಇಂಥ ಹಲವು ಹತ್ತು ಸಾವಿರ ಪಾಲುಗಳಷ್ಟು.

ಪೊರೆ ಎರಡು ಪದರದ್ದೆಂಬುದು ತಿಳಿದುಬಂದ ಕಥೆ ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದೆ. 1925ರಲ್ಲಿ ಹಾಲೆಂಡಿನ ಗಾರ್ಟರ್ ಮತ್ತು ಗ್ರೆಂಡೆಲ್ ಎಂಬವರು ಕೆಂಪು ರಕ್ತಕಣಗಳಿಂದ ಲಿಪಿಡನ್ನು ಬೇರ್ಪಡಿಸಿ, ನೀರಿನ ಮೇಲೆ ಒಂದೇ ಅಣುವಿನ ದಪ್ಪದ ಪದರವಾಗಿ ಹರಡಿದರು. ಅದು ಆಕ್ರಮಿಸಿದ ಸ್ಥಳ, ಆ ರಕ್ತಕಣಗಳ ಒಟ್ಟು ಮೇಲ್ಮೈಗೆ ಎರಡರಷ್ಟಿತ್ತು. ಆದುದರಿಂದ ಪೊರೆಯಲ್ಲಿ ಎರಡು ಪದರಗಳಿರಬೇಕೆಂದು ಅವರು ತೀರ್ಮಾನಿಸಿದರು. ತೀರ್ಮಾನವೇನೋ ಸರಿ, ಆದರೆ ಅಳತೆಯಲ್ಲಿ ಎರಡು ತಪ್ಪುಗಳಿದ್ದುವು. ಅವರು ಬಳಸಿದ ಅಸಿಟೋನು ಲಿಪಿಡನ್ನು ಪೂರ್ತಿಯಾಗಿ ಬಿಡಿಸಿರಲಿಲ್ಲ. ಕಣಗಳ ಮೇಲ್ಮೈಯನ್ನೂ ಅವರು ನಿಜವಾದುದಕ್ಕಿಂತ ಕಡಮೆಯಾಗಿ ಎಣಿಸಿದ್ದರು. ಎರಡೂ ಕಡಮೆಯಾಗಿದ್ದುದರಿಂದ ಒಂದರ ತಪ್ಪು ಇನ್ನೊಂದರ ತಪ್ಪನ್ನು ಹೊಡೆದುಹಾಕಿ ಉತ್ತರ ಸರಿಯಾಗಿ ಬಂದಿತು! 1960ರ ದಶಕದಲ್ಲಿ ಪ್ರಯೋಗವನ್ನು ಮತ್ತೆ ಮಾಡಿದಾಗ ಈ ಸಂಗತಿ ಸ್ಪಷ್ಟವಾಯಿತು. ಒಂದೇ ದಾರಿಯಲ್ಲಿ ನಡೆದು ಸಿಕ್ಕಿದ ಅಂಕೆಯನ್ನು ಕೂಡಲೇ ನಂಬಬಾರದೆಂಬ ಪಾಠ ಇದರಲ್ಲಿದೆ.

ಈ ಪೊರೆಯ ಗುಣ ವಿಚಿತ್ರವಾದುದು. ಅದರ ಅಣುಗಳು ತಮ್ಮ ಪದರದೊಳಗೆ ಅತ್ತಿತ್ತ ಸರಿದಾಡುತ್ತಲೇ ಇರುತ್ತವೆ. ಆದಕಾರಣ ಪೊರೆ ಒಂದು ದ್ರವ. ಆದರೆ ಅದನ್ನು ಬಾಗಿಸಹೋದರೆ ತೆಳುವಾದ ತಗಡಿನಂತೆ ಸ್ವಲ್ಪ ಪ್ರತಿಭಟಿಸುತ್ತದೆ. ಆದಕಾರಣ ಅದಕ್ಕೆ ಘನವಸ್ತುವಿನ ಒಂದು ಗುಣವೂ ಉಂಟು. ಬಾಗಲೊಲ್ಲದ ಈ ಗುಣವನ್ನೇ ನಾವಿಲ್ಲಿ ಪೆಡಸು ಎಂದು ಕರೆಯೋಣ.

ಎಳೆದರೆ ಕೊಳವೆ

ಬೆಲ್ಲದ ಪಾಕ ಹದಕ್ಕೆ ಬಂದಿದೆಯೇ ಎಂದು ನೋಡಲು ಅಡಿಗೆಯವರು ಒಂದು ತೊಟ್ಟನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಎಳೆಯುವುದನ್ನು ವಾಚಕರು ಕಂಡಿರಬಹುದು. ಎಳೆ ಬಂದರೆ ಪಾಕ ಸರಿ. ಪೊರೆಯನ್ನು ಪರೀಕ್ಷಿಸುವುದೂ ಹೀಗೆಯೇ. 1973ರಲ್ಲಿ ರಾಬರ್ಟ್ ಹಾಕ್‌ಮತ್, ನಾರ್ಲ ಮೋಹನ್‌ದಾಸ್ ಮತ್ತು ಬ್ಲ್ಯಾಕ್‌ಷಿಯರ್ ಎಂಬವರು ಕೆಂಪು ರಕ್ತಕಣಗಳನ್ನು ಗಾಜಿಗೆ ಒಂದೊಂದು ಬಿಂದುವಿನಲ್ಲಿ ಅಂಟಿಸಿ, ಅವುಗಳ ಮೇಲೆ ದ್ರವವನ್ನು ಹರಿಸಿದರು. ಕಣವು ಪ್ರವಾಹದೊಡನೆ ಸರಿದುಹೋಗುತ್ತಿದ್ದಂತೆ, ಅಂಟಿದ ಬಿಂದುವಿನಿಂದ ಕಣದವರೆಗೆ ತೆಳುವಾದ ಎಳೆಯೊಂದು ಹೊರಟಿತು.

ಪಾಕದ ಎಳೆಗೂ ಇದಕ್ಕೂ ಎರಡು ಮುಖ್ಯ ವ್ಯತ್ಯಾಸಗಳಿವೆ. ಪಾಕದ ಎಳೆ ಗಟ್ಟಿ. ಪೊರೆಯ ಎಳೆ ಒಳಗೆ ಪೊಳ್ಳಾದ ಕೊಳವೆ. ಪಾಕದ ಎಳೆ ಎಳೆದಂತೆಲ್ಲ ತೆಳ್ಳಗಾಗಿ ಕೊನೆಗೆ ಕಡಿದುಹೋಗುತ್ತದೆ. ಪೊರೆಯ ಕೊಳವೆ ಉದ್ದವಾಗುತ್ತದೆಯೇ ಹೊರತು ತೆಳ್ಳಗಾಗುವುದಿಲ್ಲ. ರಬ್ಬರಿನ ಪಟ್ಟಿಯನ್ನು ಎಳೆದಷ್ಟೂ ಕೈಗೆ ಹೆಚ್ಚು ಬಲ ಬೇಕು; ಇಲ್ಲಿ ಹಾಗಿಲ್ಲ. ಕೊಳವೆ ಹುಟ್ಟುವ ಗಳಿಗೆಯಲ್ಲಿ ಮಾತ್ರ ಒಂದಿಷ್ಟು ಹೆಚ್ಚು ಬಲ ಬೇಕಾಗುತ್ತದೆ. ಆಮೇಲೆ ಅದನ್ನು ನಿಧಾನವಾಗಿ ಎಷ್ಟೇ ಉದ್ದಕ್ಕೆ ಎಳೆದರೂ, ಗುಳ್ಳೆಯಲ್ಲಿ ಪೊರೆಯ ಬಿಗಿತ ಬದಲಾಗದಿರುವವರೆಗೆ, ಬಲ ಒಂದೇ ಸಮನಾಗಿರುತ್ತದೆ. ಏಕೆಂದರೆ ಹೊಸ ಉದ್ದಕ್ಕೆ ಬೇಕಾದ ಪೊರೆ ಹಿಂದಿನ ಗುಳ್ಳೆಯಿಂದ ಹರಿದುಬರುತ್ತದೆ.

ಹಾಗಾದರೆ ಕೊಳವೆಯ ತ್ರಿಜ್ಯವನ್ನು ನಿರ್ಣಯಿಸುವುದು ಯಾವುದು? ಇದು ಎರಡು ಪಕ್ಷಗಳ ಹಗ್ಗಜಗ್ಗಾಟ. ಪೊರೆಯ ಪೆಡಸು ಬಾಗುವುದನ್ನು ಒಪ್ಪದು. ಕೊಳವೆ ಸಪುರವಾದಷ್ಟೂ ಬಾಗು ಹೆಚ್ಚು. ಆದುದರಿಂದ ಪೆಡಸು ಕೊಳವೆಯನ್ನು ಹಿಗ್ಗಿಸಲು ನೋಡುತ್ತದೆ. ಪೊರೆಯ ಬಿಗಿತವಾದರೋ ಮೇಲ್ಮೈಯನ್ನು ಕಡಮೆಮಾಡಲು ಯತ್ನಿಸುತ್ತದೆ. ಆದುದರಿಂದ ಅದು ಕೊಳವೆಯನ್ನು ಕುಗ್ಗಿಸಲು ನೋಡುತ್ತದೆ. ಇವೆರಡೂ ಸಮವಾದ ಕಡೆ ತ್ರಿಜ್ಯ ನಿಲ್ಲುತ್ತದೆ. ಪೊರೆಯ ಬಾಗುವಿಕೆಯನ್ನು ಗಣಿತಕ್ಕೆ ಒಳಪಡಿಸಿದವರಲ್ಲಿ ಕ್ಯಾನ್‌ಹ್ಯಾಮ್ 1970ರಲ್ಲಿಯೂ, ಜರ್ಮನಿಯ ವುಲ್ಫ್‌ಗಾಂಗ್ ಹೆಲ್‌ಫ್ರಿಕ್ 1973ರಲ್ಲಿಯೂ ಬರೆದ ಲೇಖನಗಳು ಪ್ರಸಿದ್ಧವಾಗಿವೆ. ಅವರ ಗಣಿತದಿಂದ ಕೊಳವೆಗೆ ಸಿಕ್ಕುವ ಫಲವನ್ನು ಹೀಗೆ ಸುಲಭವಾಗಿ ಹೇಳಬಹುದು: ಎಳೆಯುವ ಬಲವನ್ನು ಕೊಳವೆಯ ತ್ರಿಜ್ಯದಿಂದ ಗುಣಿಸಿ, ಪೈ ಎಂಬ ಸಂಖ್ಯೆಯ ಎರಡರಷ್ಟರಿಂದ ಭಾಗಿಸಿದರೆ ಪೊರೆಯ ಪೆಡಸು ದೊರೆಯುತ್ತದೆ. ಅದೇ ಬಲವನ್ನು ತ್ರಿಜ್ಯದಿಂದಲೂ ಪೈಯ ನಾಲ್ಕರಷ್ಟರಿಂದಲೂ ಭಾಗಿಸಿದರೆ ಬಿಗಿತ ದೊರೆಯುತ್ತದೆ.

ಸೂತ್ರವೇನೋ ಸರಳ. ಆದರೆ ಅದರಲ್ಲಿ ಹಾಕಲು ತ್ರಿಜ್ಯ ಬೇಕು, ಬಲವೂ ಬೇಕು. ಎರಡನ್ನೂ ತರುವುದು ಎಲ್ಲಿಂದ?

ಹೊಳಪಿನಿಂದ ತ್ರಿಜ್ಯ

ಬೆಳಕು ಅಲೆಗಳ ರೂಪದಲ್ಲಿ ಸಾಗುವುದರಿಂದ ಅದರ ಮೂಲಕ ಕಾಣುವ ಸೂಕ್ಷ್ಮತೆಗೆ ಒಂದು ಎಲ್ಲೆಯಿದೆ. 1873ರಲ್ಲಿ ಅರ್ನ್‌ಸ್ಟ್ ಅಬ್ಬೆ ಇದನ್ನು ತೋರಿಸಿಕೊಟ್ಟನು. ಹಸುರು ಬೆಳಕಿನ ಅಲೆಯ ಉದ್ದ 500 ನ್ಯಾನೋಮೀಟರಿಗೆ ಸ್ವಲ್ಪ ಹೆಚ್ಚು. ಒಳ್ಳೆಯ ಸೂಕ್ಷ್ಮದರ್ಶಕವೂ ಅದರ ಅರ್ಧಕ್ಕಿಂತ, ಎಂದರೆ ಸುಮಾರು 200 ನ್ಯಾನೋಮೀಟರಿಗಿಂತ, ಹತ್ತಿರವಿರುವ ಎರಡು ಚುಕ್ಕೆಗಳನ್ನು ಬೇರೆಬೇರೆಯಾಗಿ ತೋರಿಸಲಾರದು. ನಮ್ಮ ಕೊಳವೆಯ ಅಗಲ ಅದಕ್ಕೂ ಕಡಮೆ. ಅದಕ್ಕೆ ಬೆಳಕು ಬೀರುವ ಬಣ್ಣವನ್ನು ಸೇರಿಸಿ ನೋಡಿದರೆ ಕೊಳವೆಯೇನೋ ಹೊಳೆಯುವ ಗೆರೆಯಾಗಿ ಕಾಣುತ್ತದೆ. ಆದರೆ 30 ನ್ಯಾನೋಮೀಟರಿನ ಕೊಳವೆಯೂ 60 ನ್ಯಾನೋಮೀಟರಿನ ಕೊಳವೆಯೂ ಒಂದೇ ಅಗಲದ ಗೆರೆಗಳಾಗಿ ಕಾಣುವುವು. ಗೆರೆಯ ಅಗಲ ಬೆಳಕಿನ ಗುಣವನ್ನು ಹೇಳುತ್ತದೆ, ಕೊಳವೆಯ ಗುಣವನ್ನಲ್ಲ.

ಆದರೆ ಆ ಎರಡು ಗೆರೆಗಳಿಗೂ ಒಂದು ಭೇದವುಂಟು: ದಪ್ಪ ಕೊಳವೆಯ ಗೆರೆ ಹೆಚ್ಚು ಹೊಳೆಯುತ್ತದೆ. ಅದರ ಸುತ್ತಳತೆ ಹೆಚ್ಚು. ಆದುದರಿಂದ ಅಷ್ಟೇ ಉದ್ದದಲ್ಲಿ ಹೆಚ್ಚು ಪೊರೆ, ಹೆಚ್ಚು ಬಣ್ಣದ ಅಣುಗಳು ಇವೆ. ನೇಕಾರನು ಇಷ್ಟು ಉದ್ದಕ್ಕೆ ಎಷ್ಟು ತೂಕವೆಂದು ನೋಡಿದಂತೆ ಇಲ್ಲಿ ಇಷ್ಟು ಉದ್ದಕ್ಕೆ ಎಷ್ಟು ಹೊಳಪು ಎಂದು ನೋಡಬೇಕು.

ಹೊಳಪನ್ನು ಪೊರೆಯ ವಿಸ್ತೀರ್ಣಕ್ಕೆ ಪರಿವರ್ತಿಸಲು ಒಂದು ಮಾಪಕ ಬೇಕು. ಅದಕ್ಕಾಗಿ ಅದೇ ಲಿಪಿಡನ್ನು, ಅದೇ ಪ್ರಮಾಣದ ಬಣ್ಣದೊಡನೆ, ಶುದ್ಧವಾದ ಗಾಜಿನ ಮೇಲೆ ಚಪ್ಪಟೆ ಪೊರೆಯಾಗಿ ಹಾಸುತ್ತಾರೆ. ಚಪ್ಪಟೆ ಪೊರೆಯ ವಿಸ್ತೀರ್ಣವನ್ನು ನೇರವಾಗಿ ಅಳೆಯಬಹುದಷ್ಟೆ. ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಒಂದು ಮೈಕ್ರೋಮೀಟರ್ ಎಂದರೆ 1,000 ನ್ಯಾನೋಮೀಟರ್. ಒಂದು ಚದರ ಮೈಕ್ರೋಮೀಟರ್ ಚಪ್ಪಟೆ ಪೊರೆ 1,000 ಮಾನದಷ್ಟು ಹೊಳಪನ್ನು ಕೊಟ್ಟಿತೆನ್ನಿ. 10 ಮೈಕ್ರೋಮೀಟರ್ ಉದ್ದದ ಕೊಳವೆ 2,000 ಮಾನ ಕೊಟ್ಟಿತೆನ್ನಿ. ಆಗ ಕೊಳವೆಯಲ್ಲಿರುವ ಪೊರೆ 2 ಚದರ ಮೈಕ್ರೋಮೀಟರ್. ಇದನ್ನು 10ರಿಂದ ಭಾಗಿಸಿದರೆ ಸುತ್ತಳತೆ 0.2 ಮೈಕ್ರೋಮೀಟರ್, ಎಂದರೆ 200 ನ್ಯಾನೋಮೀಟರ್. ಇದನ್ನು ಪೈಯ ಎರಡರಷ್ಟರಿಂದ ಭಾಗಿಸಿದರೆ ತ್ರಿಜ್ಯ ಸುಮಾರು 32 ನ್ಯಾನೋಮೀಟರ್. ಸೂಕ್ಷ್ಮದರ್ಶಕ ಕಾಣಲಾರದ ಅಗಲವನ್ನು ಅದೇ ಸೂಕ್ಷ್ಮದರ್ಶಕದಿಂದ ಪಡೆದಂತಾಯಿತು!

ಆದರೆ ಎಚ್ಚರಿಕೆ ಬೇಕು. ಹಿನ್ನೆಲೆಯ ಮಸುಕು ಬೆಳಕನ್ನು ಲೆಕ್ಕದಿಂದ ಕಳೆಯದಿದ್ದರೆ ಕೊಳವೆ ಇದ್ದುದಕ್ಕಿಂತ ದಪ್ಪವೆಂದು ತೋರುವುದು. ಬಣ್ಣದ ಅಣುಗಳು ಬಹಳ ಒತ್ತಾಗಿದ್ದರೆ ಅವು ಒಂದರ ಬೆಳಕನ್ನು ಇನ್ನೊಂದು ನುಂಗಿಹಾಕುವುವು. ಬಣ್ಣದ ಅಣುವಿಗೆ ಬಾಗಿದ ಪೊರೆಯೇ ಹೆಚ್ಚು ಹಿಡಿಸಿದರೆ, ಇಲ್ಲವೆ ಹಿಡಿಸದಿದ್ದರೆ, ಚಪ್ಪಟೆ ಪೊರೆಯ ಮಾಪಕ ಕೊಳವೆಗೆ ಒಪ್ಪದು. ಕೊಳವೆ ಸೂಕ್ಷ್ಮದರ್ಶಕದ ನಾಭಿಯಿಂದ ಮೇಲಕ್ಕೋ ಕೆಳಕ್ಕೋ ಸರಿದರೆ ಹೊಳಪು ಕುಗ್ಗುವುದು. ಆದಕಾರಣ 32 ಎಂಬ ಈ ಅಂಕೆಗೆ ಬೇರೊಂದು ಸಾಕ್ಷಿ ಬೇಕು.

ಬೆಳಕಿನ ಚಿಮಟದಿಂದ ಬಲ

ಆ ಸಾಕ್ಷಿ ಬಲದ ಕಡೆಯಿಂದ ಬರುತ್ತದೆ. ಬೆಳಕಿಗೆ ವಸ್ತುಗಳನ್ನು ನೂಕುವ ಶಕ್ತಿಯುಂಟು. ಅದು ಎಷ್ಟು ಅಲ್ಪವೆಂದರೆ ನಿತ್ಯಜೀವನದಲ್ಲಿ ನಮ್ಮ ಅರಿವಿಗೆ ಬರುವುದಿಲ್ಲ. ಅಮೆರಿಕದ ಆರ್ಥರ್ ಆಶ್ಕಿನ್ 1970ರಿಂದ ಈ ಅಲ್ಪಬಲವನ್ನು ಬಳಸುವ ಪ್ರಯೋಗಗಳನ್ನು ನಡೆಸಿ, 1986ರಲ್ಲಿ ಒಂದೇ ಲೇಸರ್ ಕಿರಣವನ್ನು ಬಿಗಿಯಾಗಿ ಕೇಂದ್ರೀಕರಿಸಿ ಸಣ್ಣ ಮಣಿಗಳನ್ನು ಹಿಡಿದಿಡಬಹುದೆಂದು ತನ್ನ ಸಂಗಡಿಗರೊಡನೆ ತೋರಿಸಿದನು. ಇದೇ ಬೆಳಕಿನ ಚಿಮಟ. 2018ರಲ್ಲಿ ಇದಕ್ಕಾಗಿ ಆತನಿಗೆ ನೊಬೆಲ್ ಬಹುಮಾನದ ಪಾಲು ದೊರೆಯಿತು. ಆಗ ಆತನಿಗೆ 96 ವರ್ಷ.

ಚಿಮಟದಲ್ಲಿ ಸಿಕ್ಕ ಮಣಿ, ಸ್ಪ್ರಿಂಗಿಗೆ ಕಟ್ಟಿದ ಗುಂಡಿನಂತೆ ವರ್ತಿಸುತ್ತದೆ. ಪಕ್ಕಕ್ಕೆ ಎಳೆದರೆ, ಎಷ್ಟು ಸರಿಯಿತೋ ಅದಕ್ಕೆ ಅನುಗುಣವಾದ ಬಲದಿಂದ ಹಿಂದಕ್ಕೆ ಬರಲು ನೋಡುತ್ತದೆ. ಎಷ್ಟು ಸರಿದರೆ ಎಷ್ಟು ಬಲವೆಂಬುದನ್ನು, ತಿಳಿದ ವೇಗದಲ್ಲಿ ನೀರನ್ನು ಹರಿಸಿ ಮೊದಲೇ ಗೊತ್ತುಮಾಡಿಕೊಳ್ಳುತ್ತಾರೆ. ಆಮೇಲೆ ಲಿಪಿಡಿನಿಂದ ಮಾಡಿದ ದೊಡ್ಡ ಗುಳ್ಳೆಯೊಂದನ್ನು ಸಪುರವಾದ ಗಾಜಿನ ನಳಿಕೆಯ ಬಾಯಿಗೆ ಹೀರಿ ಹಿಡಿದು, ಅಂಟುಳ್ಳ ಮಣಿಯನ್ನು ಅದಕ್ಕೆ ಮುಟ್ಟಿಸಿ ಹಿಂದಕ್ಕೆ ಎಳೆದರೆ, ಮಣಿಗೂ ಗುಳ್ಳೆಗೂ ನಡುವೆ ಕೊಳವೆ ಹೊರಡುತ್ತದೆ. ಮಣಿ ಎಷ್ಟು ಸರಿದಿದೆಯೆಂದು ನೋಡಿದರೆ ಬಲ ತಿಳಿಯುತ್ತದೆ.

ನಮ್ಮ ಉದಾಹರಣೆಯ ಕೊಳವೆಯಲ್ಲಿ ಬಲ 15 ಪೈಕೊನ್ಯೂಟನ್ ಎಂದು ಇಟ್ಟುಕೊಳ್ಳೋಣ. ಒಂದು ನ್ಯೂಟನ್ ಎಂದರೆ ಸುಮಾರು 100 ಗ್ರಾಂ ತೂಕದ ಬಲ. ಅದರ ಲಕ್ಷ ಕೋಟಿಯಲ್ಲಿ ಒಂದು ಪಾಲು ಪೈಕೊನ್ಯೂಟನ್. ಮೇಲೆ ಹೇಳಿದ ಸೂತ್ರದಂತೆ 15 ಪೈಕೊನ್ಯೂಟನನ್ನು 32 ನ್ಯಾನೋಮೀಟರಿನಿಂದ ಗುಣಿಸಿ ಪೈಯ ಎರಡರಷ್ಟರಿಂದ ಭಾಗಿಸಿದರೆ ಪೆಡಸು 7.6×10⁻²⁰ ಜೌಲ್ ಆಗುತ್ತದೆ. ಇದು ಎಷ್ಟು? ಸಾಧಾರಣ ಉಷ್ಣತೆಯಲ್ಲಿ ಅಣುಗಳ ತಳಮಳದ ಶಕ್ತಿ ಸುಮಾರು 4×10⁻²¹ ಜೌಲ್. ಪೊರೆಯ ಪೆಡಸು ಅದರ ಸುಮಾರು 19ರಷ್ಟು. ಸಾಮಾನ್ಯ ಲಿಪಿಡ್ ಪೊರೆಗಳ ಪೆಡಸು ಈ ಆಸುಪಾಸಿನಲ್ಲಿಯೇ ಇದೆ. ಶಾಖದ ತಳಮಳಕ್ಕೆ ಚೂರಾಗದಷ್ಟು ಗಟ್ಟಿ. ಕೆಲವೇ ಪ್ರೋಟೀನುಗಳು ಸೇರಿ ಬಾಗಿಸಬಲ್ಲಷ್ಟು ಮೆದು. ಜೀವಕ್ಕೆ ಬೇಕಾದ ಹದ ಇದೇ ಅಲ್ಲವೆ?

ಅದೇ ಅಂಕೆಗಳಿಂದ ಬಿಗಿತವನ್ನು ಲೆಕ್ಕಹಾಕಿದರೆ ಒಂದು ಮೀಟರಿಗೆ 3.7×10⁻⁵ ನ್ಯೂಟನ್ ಬರುತ್ತದೆ. ಇದು ನೀರಿನ ಮೇಲ್ಮೈ ಎಳೆತದ ಎರಡು ಸಾವಿರದಲ್ಲಿ ಒಂದು ಪಾಲು. ಈಗ ಗಾಜಿನ ನಳಿಕೆ ನಮ್ಮ ನೆರವಿಗೆ ಬರುತ್ತದೆ. ಗುಳ್ಳೆಯನ್ನು ಎಷ್ಟು ಒತ್ತಡದಿಂದ ಹೀರಲಾಗಿದೆ ಎಂಬುದರಿಂದಲೂ, ನಳಿಕೆಯ ಮತ್ತು ಗುಳ್ಳೆಯ ಅಳತೆಗಳಿಂದಲೂ ಬಿಗಿತವನ್ನು ಬೇರೆಯಾಗಿಯೇ ಕಂಡುಹಿಡಿಯಬಹುದು. ಈ ಲೆಕ್ಕಕ್ಕೆ ಹೊಳಪೂ ಬೇಡ, ಚಿಮಟವೂ ಬೇಡ. ಎರಡು ದಾರಿಗಳಿಂದ ಬಂದ ಬಿಗಿತ ಒಂದೇ ಆದರೆ 32 ನ್ಯಾನೋಮೀಟರ್ ಎಂಬ ತ್ರಿಜ್ಯಕ್ಕೆ ಸಾಕ್ಷಿ ಸಿಕ್ಕಿತು.

ಇನ್ನೂ ಒಂದು ಪರೀಕ್ಷೆಯುಂಟು. ನಳಿಕೆಯಲ್ಲಿ ಹೀರುವಿಕೆಯನ್ನು ಹೆಚ್ಚಿಸಿ ಬಿಗಿತವನ್ನು ನಾಲ್ಕರಷ್ಟು ಮಾಡಿದರೆ, ಸೂತ್ರದಂತೆ ತ್ರಿಜ್ಯ ಅರ್ಧಕ್ಕೆ ಇಳಿದು 16 ನ್ಯಾನೋಮೀಟರ್ ಆಗಬೇಕು. ಬಲ ಇಮ್ಮಡಿಸಿ 30 ಪೈಕೊನ್ಯೂಟನ್ ಆಗಬೇಕು. ಎಂದರೆ ಗೆರೆಯ ಹೊಳಪು ಅರ್ಧವಾಗುವ ಹೊತ್ತಿನಲ್ಲಿಯೇ ಮಣಿ ಎರಡರಷ್ಟು ಸರಿಯಬೇಕು. ಬಲ ಮತ್ತು ತ್ರಿಜ್ಯಗಳ ಗುಣಲಬ್ಧ ಮೊದಲಿನಂತೆಯೇ 480 ಆಗಿ ಉಳಿಯಬೇಕು. ಹಾಗೆ ಉಳಿಯದಿದ್ದರೆ ಎಲ್ಲೋ ತಪ್ಪಿದೆ. ಗಾರ್ಟರ್ ಮತ್ತು ಗ್ರೆಂಡೆಲರ ಪ್ರಯೋಗದಲ್ಲಿ ತಪ್ಪುಗಳು ಅಡಗಿಕೊಳ್ಳಲು ಎಡೆಯಿತ್ತು. ಇಲ್ಲಿ ಬಿಗಿತವನ್ನು ಬದಲಿಸಿದಾಗಲೆಲ್ಲ ಅವು ಹೊರಬೀಳಬೇಕಾಗುತ್ತದೆ.

ಜೋಮು ಹಿಡಿದ ನೊಣಗಳು

ಇಷ್ಟೆಲ್ಲ ಶ್ರಮ ಏತಕ್ಕೆಂದು ಕೇಳಬಹುದು. ಉತ್ತರಕ್ಕಾಗಿ ಹಣ್ಣಿನ ನೊಣಗಳ ಕಡೆ ತಿರುಗೋಣ. ಕೆನಡಾದ ಡೇವಿಡ್ ಸುಜುಕಿ ಮತ್ತು ಆತನ ಸಂಗಡಿಗರು 1973ರಲ್ಲಿ ಒಂದು ಬಗೆಯ ನೊಣಗಳನ್ನು ವರ್ಣಿಸಿದರು. ಸಾಧಾರಣ ಉಷ್ಣತೆಯಲ್ಲಿ ಅವು ಆರೋಗ್ಯವಾಗಿಯೇ ಇರುತ್ತವೆ. ಉಷ್ಣತೆ ಸುಮಾರು 29 ಡಿಗ್ರಿ ಸೆಂಟಿಗ್ರೇಡಿಗೆ ಏರಿದರೆ ಸ್ವಲ್ಪ ಹೊತ್ತಿನಲ್ಲಿಯೇ ಕೈಕಾಲು ಬಿದ್ದುಹೋಗಿ ಉರುಳುತ್ತವೆ. ತಂಪುಮಾಡಿದರೆ ಮತ್ತೆ ಎದ್ದು ಓಡಾಡುತ್ತವೆ. ಜೋಮು ಹಿಡಿಯುವುದೆಂಬ ಅರ್ಥದ ಜಪಾನಿ ಮಾತಿನಿಂದ ಈ ಬಗೆಗೆ ‘ಶಿಬಿರೆ’ ಎಂದು ಹೆಸರಾಯಿತು.

ನರದ ತುದಿಯಲ್ಲಿ ಸಂದೇಶವನ್ನು ಸಾಗಿಸುವ ರಾಸಾಯನಿಕಗಳು ಪೊರೆಯ ಕಿರುಚೀಲಗಳಲ್ಲಿ ತುಂಬಿರುತ್ತವೆ. ಚೀಲಗಳು ಹೊರಪೊರೆಯೊಡನೆ ಕೂಡಿ ಬರಿದಾದ ಮೇಲೆ ಆ ಪೊರೆ ಮತ್ತೆ ಒಳಕ್ಕೆ ಚೀಲವಾಗಿ ಬರಬೇಕು. ಆಗ ಚೀಲಕ್ಕೂ ಹೊರಪೊರೆಗೂ ನಡುವೆ ಕೊಳವೆಯಂಥ ಕೊರಳು ಉಳಿಯುತ್ತದೆ. ಅದನ್ನು ಕತ್ತರಿಸಿದಲ್ಲದೆ ಚೀಲ ಬಿಡುಗಡೆಯಾಗದು. ಶಿಬಿರೆ ನೊಣಗಳಲ್ಲಿ ಬಿಸಿಯಾದಾಗ ಈ ಕತ್ತರಿ ಕೆಲಸಮಾಡುವುದಿಲ್ಲ. ಚೀಲಗಳು ಮುಗಿಯುತ್ತವೆ, ನರ ಮೂಕವಾಗುತ್ತದೆ, ನೊಣ ಬೀಳುತ್ತದೆ. ಆ ಕತ್ತರಿ ಡೈನಮಿನ್ ಎಂಬ ಪ್ರೋಟೀನು ಎಂಬುದು 1991ರಲ್ಲಿ ಗೊತ್ತಾಯಿತು. ಮನುಷ್ಯರಲ್ಲಿಯೂ ಡೈನಮಿನ್ ಬಗೆಗಳಿವೆ. ಅವುಗಳಲ್ಲೊಂದರ ದೋಷದಿಂದ ಸ್ನಾಯುಗಳು ದುರ್ಬಲವಾಗುವ ವಂಶಪಾರಂಪರ್ಯದ ರೋಗವೊಂದು ಬರುತ್ತದೆಂದು 2005ರಲ್ಲಿ ತಿಳಿದುಬಂದಿತು.

ಡೈನಮಿನ್ ಕೊಳವೆಯ ಸುತ್ತ ಬಳ್ಳಿಯಂತೆ ಸುತ್ತಿಕೊಂಡು ಅದನ್ನು ಹಿಸುಕುತ್ತದೆ. ಆದರೆ ಕತ್ತರಿಸಲು ಎಷ್ಟು ಹೊತ್ತು ಬೇಕು, ಎಲ್ಲಿ ಕತ್ತರಿಸುತ್ತದೆ ಎಂಬುದು ಡೈನಮಿನ್ ಒಂದನ್ನೇ ನೋಡಿದರೆ ತಿಳಿಯದು. 2012ರಲ್ಲಿ ಸಾಂಡ್ರಿನ್ ಮಾರ್ಲೋ, ಓರೆಲಿಯೆನ್ ರೂ ಮೊದಲಾದವರು ಗುಳ್ಳೆಗಳಿಂದ ಕೊಳವೆಗಳನ್ನೆಳೆದು ಪರೀಕ್ಷಿಸಿದಾಗ, ಕೊಳವೆ ತುಂಡಾಗುವುದು ಸುತ್ತಿನ ನಡುವೆಯಲ್ಲ, ಅದರ ಅಂಚಿನಲ್ಲಿ ಎಂದು ಕಂಡಿತು. ಅದಕ್ಕೆ ಹಿಡಿಯುವ ಕಾಲ ಪೊರೆಯ ಬಿಗಿತವನ್ನೂ ಪೆಡಸನ್ನೂ ಅವಲಂಬಿಸಿತ್ತು. ಬಿಗಿತ ಹೆಚ್ಚಾದರೆ ಕೊಳವೆ ಬೇಗ ತುಂಡಾಗುತ್ತಿತ್ತು. ನಾವು ಅಳೆದ ಆ ಎರಡು ಗುಣಗಳೇ ಇಲ್ಲಿ ನರದ ಗಡಿಯಾರವನ್ನು ನಡೆಸುವ ಗುಣಗಳಾಗಿ ತೋರಿಬಂದುವು.

ನಮ್ಮ ದೇಶದಲ್ಲಿಯೂ ಈ ಕೆಲಸ ನಡೆದಿದೆ. ಪುಣೆಯ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನ ಸಂಸ್ಥೆಯ ಥಾಮಸ್ ಪುಕಾಡಿಯಿಲ್ ಮತ್ತು ಸಂಗಡಿಗರು 2015ರಲ್ಲಿ ಒಂದು ಸರಳ ಉಪಾಯವನ್ನು ಪ್ರಕಟಿಸಿದರು. ಪೊರೆ ಅಂಟಿಕೊಳ್ಳದಂತೆ ಸಿದ್ಧಪಡಿಸಿದ ಗಾಜಿನ ಮೇಲೆ ಲಿಪಿಡನ್ನಿಟ್ಟು ದ್ರವವನ್ನು ಹರಿಸಿದರೆ, ಪ್ರವಾಹದ ಸೆಳೆತಕ್ಕೆ ಹಲವಾರು ಕೊಳವೆಗಳು ಸಾಲುಸಾಲಾಗಿ ಮಲಗಿಕೊಳ್ಳುತ್ತವೆ. ಸೂಕ್ಷ್ಮದರ್ಶಕದ ಒಂದೇ ನೋಟಕ್ಕೆ ಇಷ್ಟೂ ಕೊಳವೆಗಳು ಸಿಕ್ಕುತ್ತವೆ. ಪ್ರತಿಯೊಂದರ ತ್ರಿಜ್ಯವನ್ನೂ ಹೊಳಪಿನಿಂದ ತಿಳಿಯಬಹುದು. ಈಗ ಡೈನಮಿನನ್ನೂ ಅದಕ್ಕೆ ಶಕ್ತಿಯೊದಗಿಸುವ ಜಿಟಿಪಿ ಎಂಬ ವಸ್ತುವನ್ನೂ ಹರಿಸಿದರೆ, ಗೆರೆಯ ಮೇಲೆ ಅಲ್ಲಲ್ಲಿ ಹೊಳಪು ಕುಂದುವುದು ಕಾಣುತ್ತದೆ. ಹೊಳಪು ಕುಂದಿತೆಂದರೆ ಕೊಳವೆ ಅಲ್ಲಿ ಸಪುರವಾಯಿತೆಂದು ಅರ್ಥ. ಆಮೇಲೆ ಅಲ್ಲಿಯೇ ಗೆರೆ ತುಂಡಾಗಿ ಕತ್ತಲೆಯ ತೆರಪು ಮೂಡುತ್ತದೆ. ನೊಣದ ನರದೊಳಗೆ ನಡೆಯುವ ಕೆಲಸ ಇಲ್ಲಿ ಗಾಜಿನ ಮೇಲೆ, ಕಣ್ಣೆದುರಿಗೆ ನಡೆಯುತ್ತದೆ. ಅದರ ಲೆಕ್ಕವೂ ಸಿಕ್ಕುತ್ತದೆ.

ನೇಕಾರನು ನೂಲಿನ ನಂಬರನ್ನು ಹೇಳಿದಾಗ ನಾವು ಅದನ್ನು ನಂಬುವುದು ಆತನು ಅಗಲವನ್ನು ಕಂಡನೆಂದಲ್ಲ. ಲಡಿಯನ್ನು ಮತ್ತೆ ತೂಗಿ ನೋಡಬಹುದೆಂದು. ಕೊಳವೆಯ ತ್ರಿಜ್ಯವನ್ನು ನಂಬುವುದೂ ಹಾಗೆಯೇ. ಹೊಳಪು ಒಂದು ಮಾತು ಹೇಳುತ್ತದೆ, ಚಿಮಟ ಇನ್ನೊಂದು, ನಳಿಕೆಯ ಒತ್ತಡ ಮತ್ತೊಂದು. ಒಂದರ ಪರಿಚಯ ಇನ್ನೊಂದಕ್ಕೆ ಇಲ್ಲದ ಈ ಮೂರು ಸಾಕ್ಷಿಗಳ ಮಾತೂ ಕೂಡಿಬಂದಾಗ, ಕಾಣದ ಕೊಳವೆಯ ಅಳತೆಯನ್ನು ನಾವು ಧೈರ್ಯವಾಗಿ ಬರೆದಿಟ್ಟುಕೊಳ್ಳಬಹುದು.